ತನ್ನ ನೌಕರ, ಒಕ್ಕೂಟದ ನೌಕರ: ಅಮೆರಿಕದಲ್ಲಿ ಪಿಂಚಣಿ ತೆರಿಗೆ

ಅಮೆರಿಕದಲ್ಲಿ ನಿವೃತ್ತ ಸರ್ಕಾರಿ ನೌಕರರ ಪಿಂಚಣಿಗೆ ಎರಡು ಕಡೆಯಿಂದ ತೆರಿಗೆ ಬೀಳಬಹುದು: ಒಂದು ಒಕ್ಕೂಟ ಸರ್ಕಾರದ್ದು, ಇನ್ನೊಂದು ಅವರು ನೆಲೆಸಿರುವ ರಾಜ್ಯದ್ದು. ಭಾರತದಲ್ಲಿ ಕೃಷಿಯೇತರ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಕೇಂದ್ರಕ್ಕೆ ಮಾತ್ರ ಇರುವುದರಿಂದ ಒಕ್ಕೂಟದ ನೌಕರರಿಗೆ ರಾಜ್ಯ ತೆರಿಗೆ ಹಾಕಬಹುದೇ ಎಂಬ ತಕರಾರು ಇಲ್ಲಿ ಹುಟ್ಟಲಿಲ್ಲ. ಅಲ್ಲಿ ಅದರ ಬೇರು ಹಳೆಯದು.

ಮೇರಿಲ್ಯಾಂಡ್ ರಾಜ್ಯವು ರಾಷ್ಟ್ರೀಯ ಬ್ಯಾಂಕಿನ ಮೇಲೆ ಹೇರಿದ್ದ ತೆರಿಗೆಯನ್ನು ಸುಪ್ರೀಂ ಕೋರ್ಟ್ 1819ರಲ್ಲಿ ರದ್ದು ಮಾಡಿತು. ಆ ರಕ್ಷಣೆ 1842ರಲ್ಲಿ ಒಕ್ಕೂಟದ ಅಧಿಕಾರಿಗಳ ಸಂಬಳಕ್ಕೂ, 1871ರಲ್ಲಿ ಎದುರು ದಿಕ್ಕಿನಿಂದ ರಾಜ್ಯದ ನ್ಯಾಯಾಧೀಶರ ಸಂಬಳಕ್ಕೂ ಹಬ್ಬಿತು. 1939ರಲ್ಲಿ ನ್ಯಾಯಾಲಯವೇ ಈ ಪರಸ್ಪರ ವಿನಾಯಿತಿಯನ್ನು ಕೈಬಿಟ್ಟಿತು. ಅದೇ ವರ್ಷ ಕಾಂಗ್ರೆಸ್ ಕಾನೂನು ಮಾಡಿ, ಒಕ್ಕೂಟದ ನೌಕರರ ಸಂಬಳಕ್ಕೆ ರಾಜ್ಯಗಳು ತೆರಿಗೆ ಹಾಕಬಹುದು, ಆದರೆ ಸಂಬಳ ಯಾರು ಕೊಟ್ಟರೆಂಬುದನ್ನು ನೋಡಿ ಭೇದ ಮಾಡಬಾರದು ಎಂದಿತು.

ಆ ಷರತ್ತಿನ ಬಲ ಗೊತ್ತಾಗಲು ಐವತ್ತು ವರ್ಷ ಹಿಡಿಯಿತು. ಮಿಷಿಗನ್‌ನ 1967ರ ಆದಾಯ ತೆರಿಗೆ ಕಾನೂನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಪಿಂಚಣಿಯನ್ನು ಬಿಟ್ಟು, ಒಕ್ಕೂಟದ ಪಿಂಚಣಿಗೆ ತೆರಿಗೆ ಹಾಕುತ್ತಿತ್ತು. ಇದನ್ನು ಪ್ರಶ್ನಿಸಿ ಡೇವಿಸ್ ಎಂಬುವರು ಹೂಡಿದ ಮೊಕದ್ದಮೆಯಲ್ಲಿ ರಾಜ್ಯದ ವಾದಗಳು ಕುತೂಹಲಕರವಾಗಿದ್ದವು. ನಿವೃತ್ತರು ನೌಕರರೇ ಅಲ್ಲ ಎಂಬುದು ಒಂದು. ಪಿಂಚಣಿಯೆಂದರೆ ಹಿಂದೆ ದುಡಿದದ್ದರ ಕೂಲಿಯೇ, ಕೈಗೆ ಬರುವುದು ತಡವಾಗಿ ಅಷ್ಟೆ, ಎಂದು ಕೋರ್ಟ್ ಅದನ್ನು ಒಪ್ಪಲಿಲ್ಲ. ಒಕ್ಕೂಟದ ಪಿಂಚಣಿ ಹೆಚ್ಚು ಉದಾರವಾದದ್ದು ಎಂಬುದು ಇನ್ನೊಂದು. ಹಾಗಿದ್ದರೆ ಮೊತ್ತ ನೋಡಿ ವಿನಾಯಿತಿ ಕೊಡಬೇಕಿತ್ತು, ಕೊಟ್ಟವರನ್ನು ನೋಡಿ ಅಲ್ಲ. 1989ರ ಮಾರ್ಚ್ 28ರಂದು ಎಂಟು ಜನ ನ್ಯಾಯಮೂರ್ತಿಗಳು ರಾಜ್ಯದ ವಿರುದ್ಧ ನಿಂತರು. ಸ್ಟೀವನ್ಸ್ ಒಬ್ಬರೇ ಬೇರೆ ಅಭಿಪ್ರಾಯ ಬರೆದರು.

ಸಮಾನತೆಯನ್ನು ಹೇಗೆ ತರಬೇಕೆಂಬುದನ್ನು ತೀರ್ಪು ರಾಜ್ಯಗಳಿಗೇ ಬಿಟ್ಟಿತು: ಎಲ್ಲರಿಗೂ ಕೊಡಬಹುದು, ಎಲ್ಲರಿಂದಲೂ ಕಿತ್ತುಕೊಳ್ಳಬಹುದು. ಮಿಷಿಗನ್ ಕೊಟ್ಟಿತು. ವರ್ಜೀನಿಯಾ ತನ್ನ ನೌಕರರ ವಿನಾಯಿತಿಯನ್ನೇ ತೆಗೆದುಹಾಕಿತು. ಉತ್ತರ ಕೆರೊಲಿನಾ ಸರ್ಕಾರಿ ನಿವೃತ್ತರೆಲ್ಲರಿಗೂ 4,000 ಡಾಲರ್ ಮಿತಿ ಇಟ್ಟಿತು. 1989ರ ಆಗಸ್ಟ್ 12ರೊಳಗೆ ಐದು ವರ್ಷ ಸೇವೆ ಮುಗಿಸಿದವರ ಪಿಂಚಣಿ ಪೂರ್ತಿ ತೆರಿಗೆಮುಕ್ತ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಬೇಕಾಯಿತು. ಹಳೆಯ ವರ್ಷಗಳ ತೆರಿಗೆ ವಾಪಸಾತಿಯೇ ಖಜಾನೆಗಳಿಗೆ ನಿಜವಾದ ತಲೆನೋವು. ಡೇವಿಸ್ ತೀರ್ಪು ಹಿಂದಿನ ವರ್ಷಗಳಿಗೂ ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ 1993ರ ಹಾರ್ಪರ್ ತೀರ್ಪು ಖಚಿತಪಡಿಸಿತು. ಸೇನಾ ಪಿಂಚಣಿಗೂ ಇದೇ ನಿಯಮವೆಂದು ಕಾನ್ಸಾಸ್ ಪ್ರಕರಣದಲ್ಲಿ 1992ರಲ್ಲೇ ತೀರ್ಮಾನವಾಗಿತ್ತು.

ಆದರೂ ಭೇದ ನಿಲ್ಲಲಿಲ್ಲ. ಪಶ್ಚಿಮ ವರ್ಜೀನಿಯಾ ತನ್ನ ಕೆಲವು ನಿವೃತ್ತ ಪೊಲೀಸರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ಮಾತ್ರ ಪೂರ್ಣ ವಿನಾಯಿತಿ ಕೊಟ್ಟಿತ್ತು. ಒಕ್ಕೂಟದ ಮಾರ್ಷಲ್ ಒಬ್ಬರು ಹೂಡಿದ ದಾವೆಯಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಅನುಕೂಲ ಪಡೆದವರು ಕೆಲವರೇ ಎಂಬ ನೆಪ ನಡೆಯಲಿಲ್ಲ.

ಎಲ್ಲರಿಗೂ ಕೊಟ್ಟ ಮಿಷಿಗನ್ 2011ರಲ್ಲಿ ಮನಸ್ಸು ಬದಲಿಸಿ, 1946ಕ್ಕಿಂತ ಮುಂಚೆ ಹುಟ್ಟಿದವರನ್ನು ಬಿಟ್ಟು ಉಳಿದವರ ವಿನಾಯಿತಿಯನ್ನು ಮೊಟಕುಗೊಳಿಸಿತು. 2023ರ ಕಾನೂನು ಅದನ್ನು 2026ರವರೆಗೆ ಹಂತಹಂತವಾಗಿ ಹಿಂದಿರುಗಿಸುವ ಏರ್ಪಾಡು ಮಾಡಿತು.