ಅಗಸ್ತ್ಯ ಹುಟ್ಟದ ಊರಿನಲ್ಲಿ ಕನ್ನಡದ ನಕ್ಷತ್ರ ಸಾಹಿತ್ಯ

ನಕ್ಷತ್ರ ಎಂದೊಡನೆ ನಮ್ಮ ಮನೆಗಳಲ್ಲಿ ಈಗ ಜಾತಕದ ಮಾತು ಶುರುವಾಗುತ್ತದೆ. ಆಕಾಶದ ಮಾತೆತ್ತಿದರೆ ಫೋನಿನಲ್ಲಿ ಆ್ಯಪ್ ಇದೆಯಲ್ಲ ಎನ್ನುತ್ತಾರೆ. ಇವೆರಡರ ನಡುವೆ, ತಲೆಯೆತ್ತಿ ನೋಡಿ ಬರೆದವರ ಕನ್ನಡ ಪರಂಪರೆಯೊಂದು ಮರೆಯಾಗುತ್ತಿದೆ.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಕೃತ್ತಿಕೆಯಿಂದ ಮೊದಲಾಗುವ ನಕ್ಷತ್ರಗಳ ಪಟ್ಟಿ ವೇದಕಾಲದ್ದು. ಆರನೆಯ ಶತಮಾನದ ವರಾಹಮಿಹಿರ, ಅಗಸ್ತ್ಯ ನಕ್ಷತ್ರದ ಉದಯವನ್ನು ಆಯಾ ದೇಶಕ್ಕೆ ತಕ್ಕಂತೆ ಗಣಿಸಬೇಕೆಂದು ಬೃಹತ್ಸಂಹಿತೆಯಲ್ಲಿ ಹೇಳಿದ. ಇಂದಿನ 88 ನಕ್ಷತ್ರಪುಂಜಗಳ ಪಟ್ಟಿಯನ್ನು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಒಪ್ಪಿತು. ಕನ್ನಡದಲ್ಲಿ ಆರ್.ಎಲ್. ನರಸಿಂಹಯ್ಯನವರ ‘ನಕ್ಷತ್ರ ದರ್ಶನ’ ದಾರಿ ತೋರಿತು.

ಆ ದಾರಿಯಲ್ಲಿ ಜನರನ್ನು ಕೈಹಿಡಿದು ನಡೆಸಿದವರು 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾವ್. ಗಣಿತದ ಮೇಷ್ಟ್ರು, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರು. ಅವರ ‘ನಕ್ಷತ್ರ ವೀಕ್ಷಣೆ’ ಹಿಡಿದು ತಾರಸಿ ಹತ್ತಿದ ತಲೆಮಾರು ನಮ್ಮದು. ಅಲ್ಲಿನ ಪಾಠ ಹೀಗೆ: ಮಹಾವ್ಯಾಧ ಪುಂಜದ ನಡುಪಟ್ಟಿಯ ಮೂರು ಚುಕ್ಕೆಗಳನ್ನು ಸೇರಿಸುವ ಗೆರೆಯನ್ನು ಒಂದು ಕಡೆಗೆ ಬೆಳೆಸಿದರೆ ಲುಬ್ಧಕ, ಇನ್ನೊಂದು ಕಡೆಗೆ ಬೆಳೆಸಿದರೆ ರೋಹಿಣಿ, ಅದರಾಚೆ ಕೃತ್ತಿಕೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವ ಈ ಕ್ರಮಕ್ಕೆ ಯಾವ ಆ್ಯಪ್ ಕೂಡ ಸಾಟಿಯಲ್ಲ. 1989ರಲ್ಲಿ ಬೆಂಗಳೂರಿನ ನೆಹರು ತಾರಾಲಯ ತೆರೆಯಿತು, ಅಲ್ಲಿನ ಬಿ.ಎಸ್. ಶೈಲಜಾ ಶಾಸನಗಳೊಳಗಿನ ಗ್ರಹಣಗಳನ್ನು ಹುಡುಕಿ ತೆಗೆದರು. ಅದೂ ದೊಡ್ಡ ಕೆಲಸವೇ.

ಆದರೆ ಈ ಬರವಣಿಗೆಯೆಲ್ಲ ಹುಟ್ಟಿದ್ದು ಕರ್ನಾಟಕದ ಆಕಾಶದ ಕೆಳಗೆ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದ್ದರೆ ನಾನಿರುವ ವಾಷಿಂಗ್ಟನ್ 39ರಲ್ಲಿದೆ. ಇಲ್ಲಿ ಧ್ರುವ ನಕ್ಷತ್ರದ ಎತ್ತರ ಮೂರು ಪಟ್ಟು. ಬೆಂಗಳೂರಿನಲ್ಲಿ ಪೂರ್ತಿ ಮುಳುಗುವ ಸಪ್ತರ್ಷಿಗಳಲ್ಲಿ ಇಲ್ಲಿ ಮುಳುಗುವವನು ಮರೀಚಿಯೊಬ್ಬನೇ, ಅದೂ ತುಸು ಹೊತ್ತು. ಕಾವೇರಿಯನ್ನು ಕಮಂಡಲದಲ್ಲಿಟ್ಟುಕೊಂಡ ಅಗಸ್ತ್ಯನೋ, ಕಾವೇರಿ ಕನ್ನಡ ಸಂಘವಿರುವ ಈ ಊರಿನಲ್ಲಿ ವರ್ಷದ ಒಂದು ರಾತ್ರಿಯೂ ಹುಟ್ಟುವುದಿಲ್ಲ. ಅಟ್ಲಾಂಟದಲ್ಲಿ ಫೆಬ್ರವರಿ ನಡುವೆ, ರಾತ್ರಿ ಒಂಬತ್ತೂವರೆಯ ಸುಮಾರಿಗೆ, ದಕ್ಷಿಣ ದಿಗಂತದಿಂದ ಮೂರೂವರೆ ಡಿಗ್ರಿ ಮೇಲೆ ಬರುತ್ತಾನೆ. ಮರ, ಕಟ್ಟಡ ಅಡ್ಡವಿರಬಾರದು ಅಷ್ಟೆ. ದಕ್ಷಿಣ ಕರೋಲಿನಾದ ಚಾರ್ಲ್ಸ್‌ಟನ್ ಕಡಲತೀರದಲ್ಲಿ ಇನ್ನೊಂದು ಡಿಗ್ರಿ ಮೇಲೆ.

ಈ ನೆಲಕ್ಕೂ ತನ್ನ ನಕ್ಷತ್ರ ಕಥೆಗಳಿವೆ. ಕರೋಲಿನಾ ಬೆಟ್ಟಗಳ ಚೆರೋಕಿ ಜನರ ಕಥೆಗಳನ್ನು ಜೇಮ್ಸ್ ಮೂನಿ 1900ರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಕೃತ್ತಿಕೆಯೆಂದರೆ ತಾಯಂದಿರ ಮೇಲೆ ಮುನಿಸಿಕೊಂಡು ಕುಣಿಯುತ್ತ ಮೇಲೇರಿದ ಹುಡುಗರು. ಏಳರಲ್ಲಿ ಒಬ್ಬನನ್ನು ತಾಯಿ ಕೋಲಿನಿಂದ ಕೆಳಗೆಳೆದಳು. ಅವನು ನೆಲದೊಳಗಿಳಿದ ಜಾಗದಲ್ಲಿ ಪೈನ್ ಮರ ಎದ್ದಿತು. ಮೇಲುಳಿದವರು ಆರು. ನಮ್ಮ ಪುರಾಣದಲ್ಲೂ ಏಳು ಋಷಿಪತ್ನಿಯರಲ್ಲಿ ಅರುಂಧತಿ ವಸಿಷ್ಠನ ಬಳಿಯೇ ನಿಂತಳು, ಮಿಕ್ಕ ಆರು ಮಂದಿ ಕೃತ್ತಿಕೆಯರಾದರು. ಎರಡನ್ನೂ ಒಟ್ಟಿಗೆ ಕೇಳುವ ಭಾಗ್ಯ ಇಲ್ಲಿನ ಕನ್ನಡ ಮಕ್ಕಳದು. ಉತ್ತರ ಕರೋಲಿನಾದ ಚಾಪೆಲ್ ಹಿಲ್‌ನಲ್ಲಿ 1949ರಿಂದ ಇರುವ ಮೋರ್‌ಹೆಡ್ ತಾರಾಲಯವಂತೂ ಅಪೊಲೊ ಯಾತ್ರಿಗಳಿಗೇ ನಕ್ಷತ್ರ ಗುರುತಿಸುವುದನ್ನು ಕಲಿಸಿತ್ತು. ನೌಕೆಯಲ್ಲಿ ಕಂಪ್ಯೂಟರ್ ಇದ್ದರೂ ಅವರಿಗೆ ಕಣ್ಣಿನ ಪಾಠ ಬೇಕಾಯಿತು.

ಹಾಗಾಗಿ ಕಾವೇರಿ ಕನ್ನಡ ಸಂಘವೂ ಅಟ್ಲಾಂಟದ ನೃಪತುಂಗ ಕನ್ನಡ ಕೂಟವೂ ಸೇರಿ, 33ರಿಂದ 39 ಡಿಗ್ರಿಯವರೆಗಿನ ಊರುಗಳಿಗೆ ಹೊಂದುವ, ಹನ್ನೆರಡು ತಿಂಗಳ ಕನ್ನಡ ನಕ್ಷತ್ರಪಟವೊಂದನ್ನು ಮಾಡಿಸಬೇಕು. ಮೊದಲ ಪ್ರತಿಗಳು ಕನ್ನಡ ಕಲಿಯುವ ಮಕ್ಕಳ ಕೈ ಸೇರಲಿ.