ಒಂದೇ ಪರಿಮಳವನ್ನು ನೆಚ್ಚಿದ ಸಾಬೂನು

ಹರವೆ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಹಳೆಯ ಮನೆಗಳಲ್ಲಿ ರೇಷ್ಮೆ ಸೀರೆಯ ಪೆಟ್ಟಿಗೆ ತೆರೆದರೆ, ಮಡಿಕೆಗಳ ನಡುವೆ ಸೋಪಿನ ಖಾಲಿ ಡಬ್ಬಿಯೊಂದು ಸಿಗುವುದುಂಟು. ಸೋಪು ಎಂದೋ ಕರಗಿಹೋಗಿರುತ್ತದೆ. ಸೀರೆಗೆ ಪರಿಮಳ ಹತ್ತಲೆಂದು ಡಬ್ಬಿಯನ್ನು ಜೋಪಾನ ಮಾಡಿರುತ್ತಾರೆ. ಅದು ಯಾವ ಸೋಪು ಎಂದು ಹೇಳಬೇಕಾದ ಅಗತ್ಯವಿಲ್ಲ.

ವ್ಯಾಪಾರಕ್ಕೊಂದು ಹೆಸರು, ಹೆಸರಿಗೊಂದು ಗುರುತು ಬೇಕು ಎಂದು ಇಂದು ಎಲ್ಲರೂ ಹೇಳುತ್ತಾರೆ. ನೂರು ವರ್ಷಗಳ ಹಿಂದೆಯೇ ಮೈಸೂರು ಸಂಸ್ಥಾನ ಇದನ್ನು ಮಾಡಿ ತೋರಿಸಿತ್ತು. ತಮಾಷೆಯೆಂದರೆ, ಅದರ ಮೂಲದಲ್ಲಿ ಇದ್ದದ್ದು ಜಾಣತನಕ್ಕಿಂತ ಹೆಚ್ಚಾಗಿ ಒಂದು ಪೇಚು.

ಮೈಸೂರಿನ ಕಾಡುಗಳ ಶ್ರೀಗಂಧ ಆಗ ಕೊರಡಾಗಿಯೇ ಹಡಗು ಹತ್ತುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಇದ್ದದ್ದು ಯುರೋಪಿನಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿತು. ಮರ ರಾಶಿ ಬಿತ್ತು, ಕೊಳ್ಳುವವರಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಎಂ. ವಿಶ್ವೇಶ್ವರಯ್ಯ ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕಾ ಇಲಾಖೆಯ ನಿರ್ದೇಶಕರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ವಿಧಾನವನ್ನು ಇಲ್ಲಿಯೇ ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಬಂದವು.

ಎಣ್ಣೆಯಿಂದ ಸೋಪಿಗೆ ದಾಟಿದ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ವಿದೇಶಿ ಅತಿಥಿಗಳಿಬ್ಬರು ಗಂಧದೆಣ್ಣೆಯ ಸೋಪನ್ನು ಮಹಾರಾಜರಿಗೆ ಕಾಣಿಕೆಯಾಗಿ ಕೊಟ್ಟರಂತೆ. ನಮ್ಮ ಎಣ್ಣೆಯಿಂದ ನಾವೇ ಏಕೆ ಮಾಡಬಾರದು ಎಂದು ಅವರಿಗೆ ಅನ್ನಿಸಿತಂತೆ. ಕಥೆ ಹೇಗೇ ಇರಲಿ, ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದವರು ಎಸ್.ಜಿ. ಶಾಸ್ತ್ರಿ, ಅಂದರೆ ಸೋಸಲೆ ಗರಳಪುರಿ ಶಾಸ್ತ್ರಿ. ಅವರ ಹೆಸರಿನಲ್ಲೇ ನಮ್ಮ ಸೀಮೆಯ ನಕ್ಷೆಯಿದೆ: ಸೋಸಲೆ ಇರುವುದು ತಿರುಮಕೂಡಲು ನರಸೀಪುರದ ಬಳಿ, ಗರಳಪುರಿಯೆಂದರೆ ನಂಜನಗೂಡು. ಜನ ಅವರನ್ನು ‘ಸೋಪು ಶಾಸ್ತ್ರಿ’ ಎಂದೇ ಕರೆದರು.

1918ರಲ್ಲಿ ಬೆಂಗಳೂರಿನ ಸೋಪಿನ ಕಾರ್ಖಾನೆ ಶುರುವಾಯಿತು. ಶಾಸ್ತ್ರಿಗಳು ಮಾಡಿದ್ದು ಕೆಲವೇ ತೀರ್ಮಾನಗಳು. ಉಳಿದ ಸೋಪುಗಳು ಇಟ್ಟಿಗೆಯಂತೆ ಚೌಕವಾಗಿದ್ದಾಗ ಇದಕ್ಕೆ ಮೊಟ್ಟೆಯಾಕಾರ. ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿ. ಸಿಂಹದ ಮೈ, ಆನೆಯ ತಲೆಯ ಶರಭದ ಮುದ್ರೆ. ಪರಿಮಳ ಮಾತ್ರ ಒಂದೇ: ಶ್ರೀಗಂಧ. ಪ್ರಚಾರದಲ್ಲೂ ಕಂಜೂಸುತನ ತೋರಲಿಲ್ಲ. ಟ್ರಾಮ್ ಟಿಕೆಟ್ಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸೋಪು ಕಾಣಿಸಿಕೊಂಡಿತು; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ಹೊರಟಿತು! ಅಕ್ಷರ ಬಾರದವರೂ ಕತ್ತಲಲ್ಲಿ ಮೂಗಿನಿಂದಲೇ ಗುರುತಿಸಬಹುದಾದ ಸರಕು ಅದು.

ಮುಂದೆ ಎಲ್ಲವೂ ಸಲೀಸಾಗಿರಲಿಲ್ಲ. 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸರ್ಕಾರಿ ಕಂಪನಿಯಾಯಿತು. ಬಹುರಾಷ್ಟ್ರೀಯ ಕಂಪನಿಗಳ ಪೈಪೋಟಿಯಲ್ಲಿ ಸೊರಗಿ, 1992ರಲ್ಲಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ನಿಲ್ಲಬೇಕಾಯಿತು. 2003ರ ಹೊತ್ತಿಗೆ ಹಳೆಯ ನಷ್ಟವೆಲ್ಲ ತೀರಿತು. ಡಿಟರ್ಜೆಂಟು, ಅಗರಬತ್ತಿ, ಬೇರೆ ಬೇರೆ ಸೋಪುಗಳು ಬಂದವು. ಆದರೆ ಅಂಗಡಿಯಲ್ಲಿ ಜನ ಹೆಸರು ಹಿಡಿದು ಕೇಳುವುದು ಅದೇ ಹಳೆಯ ಗಂಧದ ಸೋಪನ್ನು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಈ ಯಶಸ್ಸಿನ ಕಥೆಗೆ ಹಳ್ಳಿಯ ಕಡೆಯಿಂದ ನೋಡಿದರೆ ಇನ್ನೊಂದು ಮುಖವಿದೆ. ಒಂದೇ ಪರಿಮಳವನ್ನು ನೆಚ್ಚಲು ಸಂಸ್ಥಾನಕ್ಕೆ ಸಾಧ್ಯವಾದದ್ದು ಗಂಧದ ಮರವೆಲ್ಲ ಅದರ ಕೈಯಲ್ಲಿದ್ದುದರಿಂದ. ಟಿಪ್ಪುವಿನ ಕಾಲದಿಂದಲೂ ಅದು ರಾಜವೃಕ್ಷ. ರೈತನ ಸ್ವಂತ ಹೊಲದ ಬದುವಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದರೂ ಮರ ಸರ್ಕಾರದ್ದೇ. ಕಾಯುವ ಹೊಣೆ, ಕಳುವಾದರೆ ವಿಚಾರಣೆಯ ಭಯ ಮಾತ್ರ ರೈತನದು. ಹೀಗಾಗಿ ಸಸಿ ಕಂಡೊಡನೆ ಸದ್ದಿಲ್ಲದೆ ಕಿತ್ತೆಸೆದವರಿದ್ದರು. ನಾಡಿಗೆ ಹೆಸರು ತಂದ ಗಿಡ ಹೊಲದಲ್ಲಿ ಬೇಡದ ಅತಿಥಿಯಾಯಿತು.

ಗಂಧ ಸುಲಭಕ್ಕೆ ಬೆಳೆಯುವ ಮರವೂ ಅಲ್ಲ. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಹೀರುವ ಸಸ್ಯ ಅದು. ಪರಿಮಳವಿರುವುದು ಒಳಗಿನ ಚೇಗಿನಲ್ಲಿ. ಅದು ಬಲಿಯಲು ದಶಕಗಳೇ ಬೇಕು. ಜತೆಗೆ ‘ಸ್ಪೈಕ್’ ರೋಗ, ಅದಕ್ಕಿಂತ ದೊಡ್ಡ ರೋಗವಾದ ಕಳ್ಳಸಾಗಣೆ. 2004ರಲ್ಲಿ ವೀರಪ್ಪನ್ ಸಾಯುವವರೆಗೆ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರುಗಳು ಅನುಭವಿಸಿದ್ದನ್ನು ಇಲ್ಲಿಯ ಓದುಗರಿಗೆ ವಿವರಿಸುವುದು ಬೇಡ. ಕಾಡಿನಲ್ಲಿ ಮರ ತೀರುತ್ತಾ ಬಂದಂತೆ ಮೈಸೂರಿನ ಹೆಸರಿನ ಸೋಪಿಗೆ ಕೇರಳದ ಮರಯೂರಿನ ಹರಾಜಿನಲ್ಲಿ ಗಂಧ ಕೊಳ್ಳುವ ಕಾಲ ಬಂತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಹೊಲದ ಗಂಧ ಹೊಲದವನದೇ ಎಂದಾಯಿತು. ಕಡಿಯಲು, ಸಾಗಿಸಲು ಮಾತ್ರ ಇಂದಿಗೂ ಅನುಮತಿ ಬೇಕು. ಸೋಪಿನ ಕಂಪನಿಯೇ ಈಗ ಗಂಧ ಬೆಳೆಸಿರೆಂದು ರೈತರನ್ನು ಉತ್ತೇಜಿಸುತ್ತಿದೆ. ಅರಿಶಿನ, ಚೆಂಡುಹೂವು, ಕಬ್ಬು ಕೆಲವೇ ತಿಂಗಳಲ್ಲಿ ಕೈಗೆ ಕಾಸು ಕೊಡುವ ಈ ಸೀಮೆಯಲ್ಲಿ ಗಂಧ ನೆಡುವವನು ಬೇಲಿ, ಕಾವಲು ಎಂದು ಹದಿನೈದಿಪ್ಪತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಚೇಗಿನ ವಾಸನೆ ಅವನಿಗಿಂತ ಮೊದಲು ಕಳ್ಳನ ಮೂಗಿಗೆ ಮುಟ್ಟದಿದ್ದರೆ, ಮರ ಅವನದು.