ಕರಿಕಾಳಿನಲ್ಲಿ ಕೃಷಿಯ ಮೂಲ ಅರಸಿದ ಡೋರಿಯನ್ ಫುಲ್ಲರ್

ಸೈದಾಪುರ: ತೊಗರಿ, ಹೆಸರು, ಸಜ್ಜೆ ಬೆಳೆಯುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಬೇಸಾಯದ ಮೂಲ ಎಲ್ಲಿಯದು? ಈ ಪ್ರಶ್ನೆಗೆ ಶಾಸನಗಳು ಉತ್ತರಿಸಲಾರವು. ಉತ್ತರವಿರುವುದು ಶಾಸನಗಳಿಗಿಂತ ಬಹು ಹಿಂದೆ ಒಲೆಯಲ್ಲಿ ಸುಟ್ಟು ಮಣ್ಣು ಸೇರಿದ ಕಾಳುಗಳಲ್ಲಿ. ಅವುಗಳನ್ನು ಅಧ್ಯಯನ ಮಾಡಿ ದಕ್ಷಿಣ ಭಾರತದ ಕೃಷಿ ಚರಿತ್ರೆಯನ್ನು ಕಟ್ಟಿಕೊಟ್ಟವರಲ್ಲಿ ಪ್ರಮುಖರು ಪುರಾತತ್ವ ಸಸ್ಯಶಾಸ್ತ್ರಜ್ಞ ಡೋರಿಯನ್ ಫುಲ್ಲರ್.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಫುಲ್ಲರ್, ದಕ್ಷಿಣ ಭಾರತದಲ್ಲಿ ಕೃಷಿಯ ಉಗಮ ಕುರಿತು ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಗಳಿಸಿದರು. 2000ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಸೇರಿ, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೊಡಗೂಡಿ ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳಲ್ಲಿ ಸಂಶೋಧನೆ ನಡೆಸಿದರು.

ಮಣ್ಣು ತೊಳೆಯುವ ವಿಧಾನ

ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕಲ್ಲು, ಮಣ್ಣು ತಳಕ್ಕಿಳಿಯುತ್ತವೆ. ಸುಟ್ಟ ಕಾಳು, ಇದ್ದಿಲು ತೇಲುತ್ತವೆ. ಅವನ್ನು ಸಣ್ಣ ಜರಡಿಯಲ್ಲಿ ಸೋಸಿ, ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಇಂದಿನ ಬೀಜಗಳೊಂದಿಗೆ ಹೋಲಿಸಲಾಗುತ್ತದೆ. ಸುಟ್ಟ ಕಾಳು ಕೊಳೆಯುವುದಿಲ್ಲವಾದ್ದರಿಂದಲೇ ಸಾವಿರಾರು ವರ್ಷಗಳ ಬಳಿಕವೂ ಅದರ ಗುರುತು ಸಿಗುತ್ತದೆ.

ನಮ್ಮದೇ ಬೆಳೆಗಳು

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಈ ನೆಲೆಗಳಲ್ಲಿ ಮುಖ್ಯವಾಗಿ ದೊರೆತದ್ದು ಹುರುಳಿ, ಹೆಸರು, ಕೊರಲೆ ಹಾಗೂ ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ. ಇವೆಲ್ಲ ಮುಂಗಾರು ಮಳೆಯ ನೆಲದ ಬೆಳೆಗಳು. ಹೊರಗಿನಿಂದ ಬಂದ ಗೋಧಿ, ಜವೆಗೋಧಿಗಳ ಪ್ರಮಾಣ ಕಡಿಮೆ. ಹೀಗಾಗಿ ದಕ್ಷಿಣದ ಬೇಸಾಯ ಬರಿಯ ಎರವಲಲ್ಲ, ಅದಕ್ಕೆ ಸ್ಥಳೀಯ ಬೇರುಗಳಿವೆ ಎಂಬುದು ಫುಲ್ಲರ್ ಹಾಗೂ ಸಹೋದ್ಯೋಗಿಗಳ ವಾದ.

ನಮ್ಮ ಭಾಗದ ಹೆಮ್ಮೆಯ ತೊಗರಿ ಮಾತ್ರ ತಡವಾಗಿ ಬಂದ ಅತಿಥಿ. ಒಡಿಶಾ, ಬಸ್ತಾರ್ ಕಡೆಯ ಈ ಬೆಳೆ ಕ್ರಿ.ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಸಂಗನಕಲ್ಲಿಗೆ ತಲುಪಿತ್ತು. ಸಜ್ಜೆಯ ತವರು ಆಫ್ರಿಕ.

ಉಳಿಯಬೇಕಾದ ಬೂದಿ ದಿಬ್ಬ

ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಉತ್ಖನನ ನಡೆಸಿ, ಬೂದಿ ದಿಬ್ಬದ ಬದಿಯಲ್ಲಿ ಜನವಸತಿಯಿದ್ದುದನ್ನು ತೋರಿಸಿದರು. ಇಂತಹ ದಿಬ್ಬಗಳ ಬೂದಿ ಅನೇಕ ಕಡೆ ಗೊಬ್ಬರವಾಗಿ ಹೊಲ ಸೇರಿದೆ. ಬಂಡಿಯಲ್ಲಿ ಸಾಗಿದ ಬೂದಿಯೊಂದಿಗೆ ಕಾಳೂ ಹೋಗುತ್ತದೆ. ಆ ಕಾಳು ಹೇಳಬಹುದಾಗಿದ್ದ ರೈತನ ಚರಿತ್ರೆಯೂ ಹೋಗುತ್ತದೆ.